ಅಪ್‌ಡೇಟ್ ನಿರಾಕರಿಸಿದ ಲ್ಯಾಪ್‌ಟಾಪ್: ಐದು ವರ್ಷದ ಬಳಕೆಯ ನಂತರದ ವಿಮರ್ಶೆ

ಈ ಲ್ಯಾಪ್‌ಟಾಪ್ ಐದು ವರ್ಷ ದಾಟಿಯೂ ದಿನವಿಡೀ ಕೆಲಸ ಮಾಡುತ್ತಿದೆ. ಅದಕ್ಕೆ ಕಾರಣ ಪ್ರೊಸೆಸರಿನ ಶಕ್ತಿಯಲ್ಲ, ಪರದೆಯ ಅಂದವೂ ಅಲ್ಲ. ಇದರ ತಳದ ಮುಚ್ಚಳವನ್ನು ಸಾಮಾನ್ಯ ಸ್ಕ್ರೂಡ್ರೈವರ್‌ನಿಂದ ಬಿಚ್ಚಬಹುದು. ಒಳಗಿನ ರ‍್ಯಾಮ್ (ಕೆಲಸ ನಡೆಯುವಾಗ ಮಾಹಿತಿ ತಾತ್ಕಾಲಿಕವಾಗಿ ಕೂರುವ ಮೆಮೊರಿ), ಎಸ್‌ಎಸ್‌ಡಿ (ಕಡತಗಳು ಉಳಿಯುವ ಡಿಸ್ಕ್), ಬ್ಯಾಟರಿಗಳನ್ನು ಬದಲಿಸಬಹುದು. ಕೊಳ್ಳುವ ಮುನ್ನ ನಾನು ಓದಿದ ಯಾವ ವಿಮರ್ಶೆಯೂ ಈ ಗುಣವನ್ನು ಎತ್ತಿ ಹೇಳಿರಲಿಲ್ಲ. ನಾನು ಅದರಿಂದಲೇ ಆರಂಭಿಸುತ್ತೇನೆ. 2025ರ ಆರಂಭದಲ್ಲಿ ಯಂತ್ರ ಅಪ್‌ಡೇಟ್‌ಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿದಾಗ ಅದು ಮೂಲೆ ಸೇರದೆ ಉಳಿದದ್ದು ಈ ಗುಣದಿಂದ.

ಮೊದಲು ಸಾಧಾರಣ ಸಂಗತಿಗಳನ್ನು ಮುಗಿಸಿಬಿಡುತ್ತೇನೆ. ಹದಿನಾಲ್ಕು ಇಂಚಿನ ಪರದೆ, 512 ಜಿಬಿ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್. ರ‍್ಯಾಮ್‌ನಲ್ಲಿ 8 ಜಿಬಿ ಮದರ್‌ಬೋರ್ಡಿಗೇ ಬೆಸೆದದ್ದು, ಉಳಿದ 8 ಜಿಬಿ ಸ್ಲಾಟಿನಲ್ಲಿ ಕೂರಿಸಿದ್ದು. ಈ ವಿವರ ಮುಂದೆ ಬೇಕಾಗುತ್ತದೆ. ಕೀಬೋರ್ಡ್ ಬಹಳ ಚೆನ್ನಾಗಿದೆ. ಇಷ್ಟು ವರ್ಷ ಬರೆದರೂ ಒಂದು ಕೀಲಿಯೂ ಸಡಿಲವಾಗಿಲ್ಲ. ಸ್ಪೀಕರ್ ದುರ್ಬಲ. ಪರದೆಯ ಬೆಳಕು ಕೋಣೆಯೊಳಗೆ ಸಾಕು, ಬಿಸಿಲಿನಲ್ಲಿ ಸಾಲದು. ಮೊದಲ ಮೂರು ನಾಲ್ಕು ವರ್ಷ ಹೇಳಿಕೊಳ್ಳುವಂಥ ತೊಂದರೆ ಬರಲಿಲ್ಲ.

ಆಮೇಲೆ ತಿಂಗಳ ಭದ್ರತಾ ಅಪ್‌ಡೇಟ್ ವಿಫಲವಾಗತೊಡಗಿತು. ಡೌನ್‌ಲೋಡ್ ಪೂರ್ತಿಯಾಗುತ್ತಿತ್ತು, ಯಂತ್ರ ರೀಸ್ಟಾರ್ಟ್ ಆಗುತ್ತಿತ್ತು, ಶೇಕಡಾವಾರು ಅಂಕಿ ಮೇಲೇರಿ ಎಲ್ಲೋ ನಿಂತು, ಬದಲಾವಣೆಗಳನ್ನು ಹಿಂದಕ್ಕೆ ಪಡೆಯಲಾಗುತ್ತಿದೆ ಎಂಬ ಸೂಚನೆ ಬರುತ್ತಿತ್ತು. ಬಂದಷ್ಟು ಬರಲಿ ಎಂದು ಬಿಡುವಂತಿರಲಿಲ್ಲ. ಇದರಲ್ಲಿದ್ದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಲಿತ್ತು. ಅಷ್ಟರೊಳಗೆ ವಿಂಡೋಸ್ 11ಕ್ಕೆ ಹೋಗಬೇಕಿತ್ತು. ಪ್ರೊಸೆಸರ್ ಅರ್ಹವಾಗಿತ್ತು, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಇತ್ತು. ಆದರೆ ತಿಂಗಳ ಅಪ್‌ಡೇಟನ್ನೇ ಒಪ್ಪದ ಯಂತ್ರ ಇಡೀ ವ್ಯವಸ್ಥೆಯ ಬದಲಾವಣೆಯನ್ನು ಒಪ್ಪೀತೆ? ಅದೂ ನಡುವೆಯೇ ನಿಂತುಹೋಯಿತು.

ದೋಷ ಸಂಖ್ಯೆಗಳನ್ನು ನಾನು ಬರೆದಿಟ್ಟುಕೊಂಡೆ. ಇದನ್ನು ಎಲ್ಲರೂ ಮಾಡಬೇಕೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಒಂದೇ ಸಂಖ್ಯೆ ಮತ್ತೆ ಮತ್ತೆ ಬರುವುದಕ್ಕೂ ಪ್ರತಿ ಸಲ ಬೇರೆ ಸಂಖ್ಯೆ ಬರುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಉದಾಹರಣೆಗೆ, 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಭದ್ರತಾ ಅಪ್‌ಡೇಟ್ ಎಷ್ಟೋ ಕಂಪ್ಯೂಟರುಗಳಲ್ಲಿ 80070643 ಎಂಬ ಒಂದೇ ಸಂಖ್ಯೆಯೊಂದಿಗೆ ವಿಫಲವಾಯಿತು. ರಿಕವರಿ ಪಾರ್ಟಿಷನ್‌ನಲ್ಲಿ, ಅಂದರೆ ವಿಂಡೋಸ್ ಕೆಟ್ಟಾಗ ಸರಿಪಡಿಸಲು ಡಿಸ್ಕಿನಲ್ಲಿ ಮೀಸಲಿಟ್ಟ ಭಾಗದಲ್ಲಿ, ಬೇಕಾದ 250 ಎಂಬಿ ಖಾಲಿ ಜಾಗ ಇಲ್ಲದಿದ್ದುದು ಅದರ ಕಾರಣ. ಪಾರ್ಟಿಷನ್ ದೊಡ್ಡದು ಮಾಡಿದರೆ ಮುಗಿಯಿತು. ನನ್ನ ಯಂತ್ರದ ನಡತೆ ಹಾಗಿರಲಿಲ್ಲ. ಒಮ್ಮೆ 80073712, ಅಂದರೆ ವಿಂಡೋಸ್‌ನ ಘಟಕಗಳ ಸಂಗ್ರಹ ಹಾಳಾಗಿದೆ ಎಂಬ ದೂರು. ಇನ್ನೊಮ್ಮೆ 80070570, ಅಂದರೆ ಕಡತ ಓದಲಾಗದಷ್ಟು ಕೆಟ್ಟಿದೆ ಎಂಬ ದೂರು. ಮತ್ತೊಮ್ಮೆ ಇನ್ನೇನೋ. ತಂತ್ರಾಂಶದ ದೋಷ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಒಂದೇ ರೀತಿ ಎಡವುತ್ತದೆ. ಹೀಗೆ ಜಾಗ ಬದಲಿಸುತ್ತ ಎಡವುವುದನ್ನು ಕಂಡರೆ ಯಂತ್ರಾಂಶದ ಕಡೆ ನೋಡಬೇಕು.

ಆದರೂ ಕ್ರಮ ತಪ್ಪಿಸಲಿಲ್ಲ. ಡಿಸ್ಕಿನಲ್ಲಿ ಜಾಗ ತೆರವು ಮಾಡಿದೆ. ಅಪ್‌ಡೇಟ್ ಸೇವೆಯನ್ನು ನಿಲ್ಲಿಸಿ, ಡೌನ್‌ಲೋಡ್ ಆದ ಕಡತಗಳು ಕೂರುವ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಹೆಸರು ಬದಲಿಸಿ, ಎಲ್ಲವೂ ಹೊಸದಾಗಿ ಇಳಿಯುವಂತೆ ಮಾಡಿದೆ. ನಂತರ ವಿಂಡೋಸ್‌ನಲ್ಲೇ ಇರುವ ಎರಡು ದುರಸ್ತಿ ಆಜ್ಞೆಗಳು: ಮೊದಲು ಡಿಐಎಸ್‌ಎಂ, ಆಮೇಲೆ ಎಸ್‌ಎಫ್‌ಸಿ. ಮೊದಲನೆಯದು ಘಟಕಗಳ ಸಂಗ್ರಹವನ್ನು ಸರಿಪಡಿಸುತ್ತದೆ. ಎರಡನೆಯದು ಆ ಸಂಗ್ರಹದಿಂದ ಕಡತ ತೆಗೆದು ವ್ಯವಸ್ಥೆಯಲ್ಲಿ ಕೆಟ್ಟ ಕಡತದ ಜಾಗದಲ್ಲಿ ಇಡುತ್ತದೆ. ಆದ್ದರಿಂದ ಈ ಅನುಕ್ರಮವೇ ಸರಿ: ಸಂಗ್ರಹವೇ ಕೆಟ್ಟಿದ್ದರೆ ಎಸ್‌ಎಫ್‌ಸಿ ಎಲ್ಲಿಂದ ತಂದೀತು? ಎರಡೂ ಓಡಿದವು, ಕೆಲವು ಕಡತಗಳನ್ನು ಸರಿಪಡಿಸಿದ್ದೇವೆ ಎಂದವು. ಮರುದಿನ ಮತ್ತೆ ಓಡಿಸಿದರೆ ಬೇರೆ ಕಡತಗಳು ಕೆಟ್ಟಿದ್ದವು. ಸರಿಪಡಿಸಿದ ಮೇಲೂ ಹೊಸದಾಗಿ ಕೆಡುತ್ತಿರುವುದು ನನ್ನ ಪಾಲಿಗೆ ಎರಡನೆಯ ದೊಡ್ಡ ಸುಳಿವು.

ಇಲ್ಲಿ ಸೇವಾ ಕೇಂದ್ರದ ವಿಷಯ ಹೇಳಲೇಬೇಕು. ವಿಸ್ತರಿತ ವಾರಂಟಿ ಇನ್ನೂ ಇದ್ದುದರಿಂದ ಯಂತ್ರವನ್ನು ಒಪ್ಪಿಸಿದೆ. ಅವರು ವಿಂಡೋಸ್ ಹೊಸದಾಗಿ ಹಾಕಿ, ಸರಿಯಾಗಿದೆ ಎಂದು ಹಿಂತಿರುಗಿಸಿದರು. ಯಾವ ಪರೀಕ್ಷೆ ಮಾಡಿದಿರಿ ಎಂದು ಕೇಳಿದರೆ ಚೀಟಿಯಲ್ಲಿ ಬರೆದಿದೆ ಎಂದರು. ಚೀಟಿಯಲ್ಲಿ ಮರುಸ್ಥಾಪನೆ ಎಂಬ ಒಂದೇ ಪದವಿತ್ತು. ಕೆಲವು ವಾರಗಳಲ್ಲೇ ಅದೇ ರೋಗ ಮರುಕಳಿಸಿತು. ಎರಡನೆಯ ಬಾರಿ ಎಸ್‌ಎಸ್‌ಡಿ ಹೋಗಿದೆ, ಬದಲಿಸಬೇಕು ಎಂದರು. ಬಳಕೆದಾರನ ಕಡತಗಳೆಲ್ಲ ಇರುವ ಭಾಗವನ್ನು ಬದಲಿಸಿ ಎನ್ನುವಾಗ ಕೈಯಲ್ಲಿ ಪುರಾವೆ ಇರಬೇಕು. ಅವರಲ್ಲಿ ಇರಲಿಲ್ಲ. ಇದನ್ನು ನಾನು ಸಣ್ಣ ಲೋಪವೆಂದು ಪರಿಗಣಿಸುವುದಿಲ್ಲ.

ಎಸ್‌ಎಸ್‌ಡಿಯ ಆರೋಗ್ಯವನ್ನು ಅದು ತನ್ನ ಸ್ಥಿತಿಯನ್ನು ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯೇ ಹೇಳುತ್ತದೆ. ಓದಲು ಉಚಿತ ತಂತ್ರಾಂಶಗಳಿವೆ. ಎನ್‌ವಿಎಂಇ ಎಂಬ ವೇಗದ ಮಾದರಿಯ ಎಸ್‌ಎಸ್‌ಡಿಯಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಮೂರು: ಬಳಕೆಯಾದ ಆಯುಷ್ಯದ ಶೇಕಡಾವಾರು, ಉಳಿದಿರುವ ಮೀಸಲು ಜಾಗ, ದತ್ತಾಂಶ ದೋಷಗಳ ಎಣಿಕೆ. ನನ್ನದರಲ್ಲಿ ಮೀಸಲು ಪೂರ್ತಿ ಇತ್ತು, ದೋಷಗಳ ಎಣಿಕೆ ಸೊನ್ನೆ. ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಡಿಸ್ಕ್ ಕೈಕೊಡುವಾಗ ಕಾಣಿಸುವ 7 ಅಥವಾ 153ನೆಯ ಸಂಖ್ಯೆಯ ನಮೂದುಗಳೂ ಇರಲಿಲ್ಲ. ಯಂತ್ರ ತಟ್ಟನೆ ನಿಂತಾಗ ಬರುತ್ತಿದ್ದ ನೀಲಿ ಪರದೆಯ ಸಂದೇಶಗಳಾದರೋ ಪ್ರತಿ ಬಾರಿ ಬೇರೆ ಬೇರೆ. ಅನುಮಾನ ರ‍್ಯಾಮ್ ಮೇಲೆ ಬಂತು.

ಅದನ್ನು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. ರ‍್ಯಾಮ್‌ಗಿಂತ ದೊಡ್ಡದಾದ ಒಂದು ಕಡತವನ್ನು ಆರಿಸಿಕೊಂಡು ಅದರ ಎಸ್‌ಎಚ್‌ಎ 256 ಮೊತ್ತವನ್ನು, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆಯನ್ನು, ಲೆಕ್ಕ ಹಾಕಿಸುವುದು; ವಿಂಡೋಸ್‌ನಲ್ಲಿರುವ ಸರ್ಟ್‌ಯುಟಿಲ್ ಆಜ್ಞೆ ಸಾಕು. ಕಡತ ಬದಲಾಗದಿದ್ದರೆ ಎಷ್ಟು ಸಲ ಲೆಕ್ಕ ಹಾಕಿದರೂ ಉತ್ತರ ಒಂದೇ ಇರಬೇಕು. ದೊಡ್ಡ ಕಡತವೇ ಬೇಕು, ಏಕೆಂದರೆ ಚಿಕ್ಕದಾದರೆ ಅದು ರ‍್ಯಾಮ್‌ನಲ್ಲೇ ಉಳಿದು ಎರಡನೆಯ ಸಲ ಅಲ್ಲಿಂದಲೇ ಓದಿಸಿಕೊಳ್ಳುತ್ತದೆ. ನನ್ನ ಯಂತ್ರ ಒಂದೇ ಕಡತಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿತು. ಅದನ್ನು ಕಂಡಾಗ ಭಯವಾಯಿತು. ಅಪ್‌ಡೇಟ್‌ನ ಮಾತು ಹಾಗಿರಲಿ, ಈ ಯಂತ್ರದಲ್ಲಿ ಉಳಿಸಿದ ಯಾವ ಕಡತವನ್ನೂ ನಂಬುವಂತಿರಲಿಲ್ಲ.

ನಂತರ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಯಂತ್ರ ಚಾಲೂ ಮಾಡಿ, ರಾತ್ರಿಯಿಡೀ ಬಿಟ್ಟೆ. ವಿಂಡೋಸ್‌ನದೇ ಆದ ಮೆಮೊರಿ ಪರೀಕ್ಷೆ ಈ ಮೊದಲು ದೋಷವಿಲ್ಲ ಎಂದಿತ್ತು. ಅದರ ಸಾಮಾನ್ಯ ಪರೀಕ್ಷೆ ಚಿಕ್ಕದು, ಅದರ ಒಪ್ಪಿಗೆಯನ್ನೇ ಅಂತಿಮವೆಂದು ಹಿಡಿಯಬಾರದು. ಬೆಳಗ್ಗೆ ಪರದೆಯ ತುಂಬ ಕೆಂಪು ಸಾಲುಗಳಿದ್ದವು. ಸ್ಲಾಟಿನ ರ‍್ಯಾಮ್ ಪಟ್ಟಿಯನ್ನು ಕಿತ್ತು, ಬೆಸೆದ 8 ಜಿಬಿಯನ್ನು ಮಾತ್ರ ಪರೀಕ್ಷಿಸಿದೆ: ಸ್ವಚ್ಛ. ಪಟ್ಟಿಯ ಅಂಚನ್ನು ಒರೆಸಿ ಮತ್ತೆ ಕೂರಿಸಿದೆ: ಮತ್ತೆ ದೋಷ. ಹೊಸ ಪಟ್ಟಿಯೊಂದನ್ನು ಅದೇ ಸ್ಲಾಟಿಗೆ ಹಾಕಿದೆ: ಸ್ವಚ್ಛ. ಸ್ಲಾಟ್ ಸರಿಯಿದೆ, ಹಳೆಯ ಪಟ್ಟಿಯೇ ಕೆಟ್ಟಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ರ‍್ಯಾಮ್ ಕೆಟ್ಟರೆ ಅಪ್‌ಡೇಟ್ ಏಕೆ ನಿಲ್ಲಬೇಕು ಎಂದು ಹಲವರು ಕೇಳುತ್ತಾರೆ. ಅಪ್‌ಡೇಟ್ ಒತ್ತಿ ಕಟ್ಟಿದ ಮೂಟೆಯಾಗಿ ಬರುತ್ತದೆ. ಅದನ್ನು ಬಿಚ್ಚುವುದು, ಹಳೆಯ ಕಡತದ ಜೊತೆ ವ್ಯತ್ಯಾಸ ಸೇರಿಸಿ ಹೊಸ ಕಡತ ಕಟ್ಟುವುದು, ಮೊತ್ತ ತಾಳೆ ನೋಡುವುದು ಎಲ್ಲವೂ ರ‍್ಯಾಮ್‌ನಲ್ಲೇ ನಡೆಯುತ್ತವೆ. ಒಂದು ಬಿಟ್ ಅಡಿಮೇಲಾದರೂ ತಾಳೆ ತಪ್ಪುತ್ತದೆ, ವಿಂಡೋಸ್ ಇಡೀ ಕೆಲಸವನ್ನು ರದ್ದು ಮಾಡುತ್ತದೆ. ಅದು ಸರಿಯಾದ ನಿರ್ಧಾರವೇ. ಎಸ್‌ಎಸ್‌ಡಿ ತನ್ನೊಳಗಿನ ದೋಷಗಳನ್ನು ತಾನೇ ಗುರುತಿಸಿ ತಿದ್ದುವ ವ್ಯವಸ್ಥೆ ಹೊಂದಿದೆ. ಸಾಮಾನ್ಯ ಲ್ಯಾಪ್‌ಟಾಪ್‌ಗಳ ರ‍್ಯಾಮ್‌ನಲ್ಲಿ ಸರ್ವರ್‌ಗಳಲ್ಲಿರುವಂಥ ಇಸಿಸಿ ರಕ್ಷಣೆ, ಅಂದರೆ ದೋಷ ಗುರುತಿಸಿ ತಿದ್ದುವ ವ್ಯವಸ್ಥೆ, ಇರುವುದಿಲ್ಲ. ಹಾಗಾಗಿ ರ‍್ಯಾಮ್‌ನಲ್ಲಿ ಕೆಟ್ಟ ಮಾಹಿತಿ ಡಿಸ್ಕಿಗೆ ಒಳ್ಳೆಯದೆಂಬಂತೆ ಬರೆಯಲ್ಪಡುತ್ತದೆ, ಡಿಸ್ಕ್ ಅದನ್ನು ನಿಷ್ಠೆಯಿಂದ ಕಾಪಾಡುತ್ತದೆ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ದುರಸ್ತಿ ಆಜ್ಞೆಗಳನ್ನು ಓಡಿಸಿದರೆ ದುರಸ್ತಿಯೇ ಹೊಸ ಹಾನಿ ಮಾಡಬಹುದು. ಮೊದಲು ಯಂತ್ರಾಂಶ, ಆಮೇಲೆ ತಂತ್ರಾಂಶ.

ಹೊಸ ಪಟ್ಟಿ ಕೂತ ಮೇಲೆ ವಿಂಡೋಸ್ 11ರ ಐಎಸ್‌ಒ ಎಂಬ ಸ್ಥಾಪನಾ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಅದರ ಮೊತ್ತ ತಾಳೆ ನೋಡಿ, ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಂಡೇ ಮೇಲೇರುವ ಆಯ್ಕೆಯಿಂದ ಸ್ಥಾಪಿಸಿದೆ. ಒಮ್ಮೆಗೇ ಆಯಿತು. ಅಂದಿನಿಂದ ಒಂದು ಅಪ್‌ಡೇಟೂ ಹಿಂದೆ ಸರಿದಿಲ್ಲ. ಆದರೆ ಕೆಟ್ಟ ಅವಧಿಯಲ್ಲಿ ನಕಲಾದ ಕಡತಗಳ ಪರಿಶೀಲನೆ ಬೇಸರದ, ತಪ್ಪಿಸಲಾಗದ ಕೆಲಸ. ಹಳೆಯ ಬ್ಯಾಕಪ್ ಜೊತೆ ಹೋಲಿಸಿದಾಗ ಕೆಲವು ಫೋಟೊಗಳ ಕೆಳಭಾಗ ಬೂದುಬಣ್ಣಕ್ಕೆ ತಿರುಗಿದ್ದು, ಒಂದೆರಡು ಜಿಪ್ ಕಡತಗಳು ತೆರೆಯದಿದ್ದುದು ಕಂಡಿತು. ಹಳೆಯ ಬ್ಯಾಕಪ್ಪನ್ನು ಹೊಸದರಿಂದ ಅಳಿಸಿಹಾಕದೆ ಬೇರೆಯಾಗಿ ಇಟ್ಟಿದ್ದರಿಂದ ಅವೆಲ್ಲ ಮರಳಿ ಸಿಕ್ಕವು.

ಇಷ್ಟಾದರೂ ಒಂದು ಅಪ್‌ಡೇಟ್ ಬಾಕಿ ಇತ್ತು: ತಯಾರಕರು ಕೊಟ್ಟ ಬಯೋಸ್ ಅಪ್‌ಡೇಟ್. ಬಯೋಸ್ ಎಂದರೆ ಮದರ್‌ಬೋರ್ಡಿನಲ್ಲೇ ಇದ್ದು, ವಿಂಡೋಸ್‌ಗಿಂತ ಮೊದಲು ಓಡುವ ತಂತ್ರಾಂಶ. ನಂಬಲರ್ಹ ತಂತ್ರಾಂಶದಿಂದ ಮಾತ್ರ ಯಂತ್ರ ಚಾಲೂ ಆಗಲು ಬಿಡುವ ಸೆಕ್ಯೂರ್ ಬೂಟ್ ಬಳಸುವ 2011ರ ಪ್ರಮಾಣಪತ್ರಗಳ ಅವಧಿ 2026ರಲ್ಲಿ ಮುಗಿಯಲಿದ್ದುದರಿಂದ ಬಯೋಸ್ ಹಳೆಯದಾಗಿ ಉಳಿಯುವುದು ನನಗೆ ಇಷ್ಟವಿರಲಿಲ್ಲ. ಚಾರ್ಜರ್ ಹಾಕಿದ್ದರೂ, ಬ್ಯಾಟರಿಯಲ್ಲಿ ಸಾಕಷ್ಟು ಚಾರ್ಜ್ ಇಲ್ಲ ಎಂದು ಅದು ಮುಂದುವರಿಯಲು ಒಪ್ಪಲಿಲ್ಲ. ಬಯೋಸ್ ಬರೆಯುವಾಗ ವಿದ್ಯುತ್ ಹೋದರೆ ಮದರ್‌ಬೋರ್ಡ್ ನಿಷ್ಕ್ರಿಯವಾಗಬಹುದು, ಅದಕ್ಕೇ ಈ ತಡೆ. ಬ್ಯಾಟರಿ ವರದಿ ತೆಗೆದು ನೋಡಿದರೆ ಮೂಲ ಸಾಮರ್ಥ್ಯದ ಅರ್ಧವೂ ಉಳಿದಿರಲಿಲ್ಲ. ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗುತ್ತಿದ್ದುದರ ಕಾರಣವೂ ಮುಚ್ಚಳ ತೆಗೆದಾಗ ತಿಳಿಯಿತು: ಕೆಳಗಿದ್ದ ಬ್ಯಾಟರಿ ಉಬ್ಬಿತ್ತು.

ಉಬ್ಬಿದ ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ನಾನು ಯಾರೊಂದಿಗೂ ವಾದ ಮಾಡುವುದಿಲ್ಲ. ಒಳಗಿನ ದ್ರಾವಣ ವಿಘಟನೆಯಾಗಿ ಅನಿಲ ತುಂಬಿಕೊಂಡಿರುತ್ತದೆ. ಚುಚ್ಚಿದರೆ, ಮಡಚಿದರೆ, ಒತ್ತಿದರೆ ಬೆಂಕಿ ಹೊತ್ತಬಹುದು. ಚಾರ್ಜ್ ಮಾಡುವುದನ್ನು ತಕ್ಷಣ ನಿಲ್ಲಿಸಿ, ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸ್ವೀಕರಿಸುವವರಿಗೆ ಒಪ್ಪಿಸಬೇಕು. ಈ ಯಂತ್ರದಲ್ಲಿ ಬ್ಯಾಟರಿಯನ್ನು ಅಂಟಿನಿಂದ ಹಚ್ಚದೆ ಸ್ಕ್ರೂಗಳಿಂದ ಬಿಗಿದಿದ್ದಾರೆ. ಉಬ್ಬಿದ ಬ್ಯಾಟರಿಯನ್ನು ಅಂಟಿನಿಂದ ಎಬ್ಬಿಸಬೇಕಾದ ಅಪಾಯ ಬರಲಿಲ್ಲ. ಇದನ್ನು ವಿನ್ಯಾಸ ಮಾಡಿದವರಿಗೆ ನಾನು ಮನಸಾರೆ ಕೃತಜ್ಞ. ಈಗ ಚಾರ್ಜ್ ಶೇ. 80ಕ್ಕೆ ನಿಲ್ಲುವಂತೆ ಮಿತಿ ಇಟ್ಟಿದ್ದೇನೆ. ಹೊಸ ಬ್ಯಾಟರಿಯೊಂದಿಗೆ ಬಯೋಸ್ ಅಪ್‌ಡೇಟ್ ಸುಗಮವಾಗಿ ಮುಗಿಯಿತು. ಅದಕ್ಕೂ ಮುನ್ನ ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ತಡೆಹಿಡಿದು, ಅದರ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೆ. ಬಯೋಸ್ ಬದಲಾದುದನ್ನು ಟಿಪಿಎಂ ಗಮನಿಸಿದರೆ ಆ ಕೀಲಿ ಕೇಳಬಹುದು. ಅದು ಇಲ್ಲದಿದ್ದರೆ ಡಿಸ್ಕಿನಲ್ಲಿರುವುದು ನಿಮಗೂ ಸಿಗುವುದಿಲ್ಲ.

ಉಳಿದ ದೂರುಗಳು ಚಿಕ್ಕವು. ಎಡಗಡೆಯ ಹಿಂಜ್ ಬಿಗಿಯಾಗಿ, ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ. ಲೋಹದ ಹಿಂಜ್‌ಗೆ ಪ್ಲಾಸ್ಟಿಕ್ ಆಧಾರ ಕೊಟ್ಟಿದ್ದು ಈ ಯಂತ್ರದ ನಿಜವಾದ ವಿನ್ಯಾಸ ದೋಷ. ಫ್ಯಾನ್ ದೂಳು ತೆಗೆದ ಮೇಲೆ ಶಬ್ದ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ.

ಇದೇ ಸಾಲಿನ ಹೊಸ ಮಾದರಿ ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಷರತ್ತಿನದು. ಹೊಸದರಲ್ಲಿ ರ‍್ಯಾಮ್ ಪೂರ್ತಿಯಾಗಿ ಬೆಸೆದದ್ದು. ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ ಎಲ್‌ಪಿಡಿಡಿಆರ್ ಮಾದರಿಯ ರ‍್ಯಾಮ್ ವಿದ್ಯುತ್ ಉಳಿಸುತ್ತದೆ, ವೇಗವೂ ಹೆಚ್ಚು; ಆದರೆ ನನಗೆ ಬಂದ ದೋಷ ಅದರಲ್ಲಿ ಬಂದರೆ ಮದರ್‌ಬೋರ್ಡನ್ನೇ ಬದಲಿಸಬೇಕಾದೀತು. ಬಿಚ್ಚಿ ಹಾಕಬಹುದಾದ ತೆಳು ರ‍್ಯಾಮ್‌ಗಾಗಿ ಮೆಮೊರಿಯ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ 2023ರ ಡಿಸೆಂಬರ್‌ನಲ್ಲೇ ಕ್ಯಾಮ್2 ಮಾನದಂಡ ಪ್ರಕಟಿಸಿದೆ. ಅದನ್ನು ಅಳವಡಿಸಿದ ಮಾದರಿ ಬಂದರೆ ನಾನು ಕಣ್ಣುಮುಚ್ಚಿ ಇದೇ ಸಾಲನ್ನು ಆರಿಸುತ್ತೇನೆ. ಅಲ್ಲಿಯವರೆಗೆ, ಬೆಸೆದ ರ‍್ಯಾಮ್‌ನ ಯಂತ್ರ ಕೊಳ್ಳುವವರು ಮದರ್‌ಬೋರ್ಡ್ ಒಳಗೊಂಡ ದೀರ್ಘ ವಾರಂಟಿ ಸಿಗುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಹೊಸ ಯಂತ್ರ ಕೈಸೇರಿದ ಮೊದಲ ವಾರದಲ್ಲೇ, ಹಿಂತಿರುಗಿಸುವ ಅವಕಾಶ ಇರುವಾಗಲೇ, ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ.

ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ, ಒಂದು ಅಂಕ ಹೋದದ್ದು ಹಿಂಜ್‌ಗಾಗಿ. ಸೇವೆಗೆ ಒಂದೇ ಅಂಕ. ಪ್ರತಿ ಭಾಗವನ್ನು ಬಿಚ್ಚುವ ಕ್ರಮ ತೋರಿಸುವ ಕೈಪಿಡಿಯನ್ನು ಕಂಪನಿ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರದಿದ್ದರೆ ಅದೂ ಇಲ್ಲ. ಮುಂದಿನ ಸರದಿ ಫ್ಯಾನ್‌ನದು. ಬಿಡಿಭಾಗದ ಸಂಖ್ಯೆ ಆ ಕೈಪಿಡಿಯಲ್ಲೇ ಇದೆ, ತರಿಸಲು ಹೇಳಿದ್ದೇನೆ.