ಮೊದಲು ಕುಲಿಂತಾಂಗಾ, ಕುಟಿಯಾಪಿಯಾ?

ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದ ಮಗಿಂದನಾವೊ ಜನರ ಸಂಗೀತ ಕೇಳೋಕೆ ಎಲ್ಲಿಂದ ಶುರು ಮಾಡಲಿ ಅಂತೀರಾ?

ಕುಲಿಂತಾಂಗ್ ಅಂದರೆ ಸಾಲಾಗಿ ಮಲಗಿಸಿಟ್ಟ, ನಡುವೆ ಉಬ್ಬಿರುವ 8 ಜಾಗಟೆಗಳು. ಜೊತೆಗೆ ತೂಗುಹಾಕಿದ ದೊಡ್ಡ ಜಾಗಟೆ ಅಗುಂಗ್, ದಬಕನ್ ಡೋಲು. ಮದುವೆ, ಹಬ್ಬದ ಸದ್ದು ಇದು. ಗೆಳೆಯರ ಜೊತೆ ಕೇಳೋಕೆ ಚೆನ್ನ.

ಕುಟಿಯಾಪಿ ಬೇರೆಯೇ ಲೋಕ. ದೋಣಿಯಂಥ ಉದ್ದನೆಯ ವಾದ್ಯ, ಎರಡೇ ತಂತಿ. ಒಂದು ಶ್ರುತಿ ಹಿಡಿದಿರುತ್ತದೆ, ಇನ್ನೊಂದು ರಾಗ ನುಡಿಯುತ್ತದೆ. ತಂತಿ ಒತ್ತುವ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ, ನಮ್ಮ ವೀಣೆಯಲ್ಲಿ ಮಾಡುವ ಹಾಗೆಯೇ ಅಲ್ವಾ! ದನಿ ಮೆಲ್ಲಗೆ. ಹತ್ತಿರ ಕೂತು, ಸುಮ್ನೆ ಕಿವಿಗೊಡಬೇಕು. ಇದರ ದೊಡ್ಡ ಕಲಾವಿದ ಸಮಾವೊನ್ ಸುಲೈಮಾನ್ ಅವರಿಗೆ 1993ರಲ್ಲಿ ರಾಷ್ಟ್ರೀಯ ಗೌರವ ಸಿಕ್ಕಿತು.

ವೀಣೆ ಕೇಳಿ ಬೆಳೆದವರಾದರೆ ಕುಟಿಯಾಪಿಯನ್ನೇ ಮೊದಲು ಕೇಳಿ. ನನಗಂತೂ ಅದೇ ಜಾಸ್ತಿ ಇಷ್ಟ.