ಮಾರ್ಲಿನ್ ಲಿವರ್ ರೈಫಲ್: ಯಾವ ಕಾಲದ್ದು ತಗೊಳ್ಳಬೇಕು?

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಮಾರ್ಲಿನ್ (ಟ್ರಿಗರ್ ಸುತ್ತಲಿನ ಲಿವರ್ ಆಡಿಸಿ ಗುಂಡು ತುಂಬುವ ರೈಫಲ್) ಬೇಕು, ಹಳೆಯದೋ ಹೊಸದೋ ಎಂದು ಕೇಳಿದಿರಿ. 1870ರಿಂದ ನಡೆದು ಬಂದ ಹೆಸರು ಇದು, ಆದರೆ ಅಂಗಡಿಯಲ್ಲಿ ಸಿಗುವುದು ಮೂರು ಕಾಲದ ಮಾಲು. ಬ್ಯಾರೆಲ್ ಬುಡದಲ್ಲಿ ‘ಜೆಎಂ’ ಮುದ್ರೆ ಇದ್ದರೆ ಕನೆಕ್ಟಿಕಟ್‌ನ ಹಳೇ ಕಾರ್ಖಾನೆಯದು. ಸೀರಿಯಲ್ ನಂಬರ್ ‘ಎಂಆರ್’ ಇಂದ ಶುರುವಾದರೆ ಆಮೇಲೆ ಮಾರ್ಲಿನ್ ಕೊಂಡ ರೆಮಿಂಗ್ಟನ್ ಕಂಪನಿಯದು, ‘ಆರ್‌ಎಂ’ ಆದರೆ ಈಗಿನ ಒಡೆಯ ರುಗರ್ ಕಂಪನಿಯದು.

ಗುಣಮಟ್ಟದ ಮಾತಿಗೆ ಬಂದರೆ ವ್ಯತ್ಯಾಸ ಜಾಸ್ತಿ. ರೆಮಿಂಗ್ಟನ್ 2011ರಲ್ಲಿ ಹಳೇ ಕಾರ್ಖಾನೆ ಮುಚ್ಚಿ ಕೆಲಸವನ್ನು ನ್ಯೂಯಾರ್ಕ್‌ನ ಇಲಿಯನ್‌ಗೆ ಒಯ್ದಿತು, ನುರಿತ ಕೈಗಳು ಹೋದವು, ಸವೆದ ಯಂತ್ರಗಳು ಮಾತ್ರ ಜೊತೆಗೆ ಬಂದವು. ಮರ ಮತ್ತು ಲೋಹ ಸೇರುವಲ್ಲಿ ಸಂದು, ವಾಲಿದ ಮುಂದಿನ ಸೈಟ್ (ಗುರಿ ನೋಡುವ ಭಾಗ), ಒರಟು ಲಿವರ್, ಇದೆಲ್ಲ ಆ ಮೊದಲ ವರ್ಷಗಳ ದೂರುಗಳು. ಕೊನೆಯ ವರ್ಷಗಳವು ವಾಸಿ. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರುಗರ್ ಸುಮಾರು 3 ಕೋಟಿ ಡಾಲರ್‌ಗೆ ಮಾರ್ಲಿನ್ ಕೊಂಡಿತು. ಅವಸರ ಮಾಡದೆ 2021ರ ಕೊನೆಗೆ ಉತ್ತರ ಕೆರೊಲಿನಾದ ಮೇಯೊಡನ್‌ನಿಂದ ತನ್ನ ಮೊದಲ ಮಾರ್ಲಿನ್, 1895 ಮಾದರಿ, ಹೊರತಂದಿತು. ಬ್ಯಾರೆಲ್ ಲೋಹವನ್ನು ಕಾಯಿಸದೆ ಬಡಿದು ಮಾಡಿದ್ದು, ಜೋಡಣೆ ಬಿಗಿ. ನನಗಂತೂ ಇದು ನಿಜವಾಗಿ ಖುಷಿ ಕೊಟ್ಟಿತು.

ಬೆಲೆಯಲ್ಲಿ ರೆಮಿಂಗ್ಟನ್ ಕಾಲದ್ದೇ ಅಗ್ಗ. ಕೈಯಲ್ಲಿ ಹಿಡಿದು, ಲಿವರ್ ಆಡಿಸಿ, ಸೈಟ್ ನೆಟ್ಟಗಿದೆಯಾ ನೋಡಿ ಕೊಳ್ಳುವುದಾದರೆ ಸರಿ, ಆನ್‌ಲೈನ್‌ನಲ್ಲಿ ಸುಮ್ನೆ ತರಿಸಬೇಡಿ. ಮಳೆಯಲ್ಲಿ ಓಡಾಡುವವರಿಗೆ, ಸದ್ದು ತಗ್ಗಿಸುವ ಸಪ್ರೆಸರ್ ಹಾಕುವವರಿಗೆ ರುಗರ್‌ನ ಸ್ಟೇನ್‌ಲೆಸ್ 1895 ಎಸ್‌ಬಿಎಲ್ ಮಾದರಿ ಅನುಕೂಲ, ಬ್ಯಾರೆಲ್ ತುದಿಯಲ್ಲಿ ಥ್ರೆಡ್ ಇದೆ. ವಾಲ್ನಟ್ ಮರ, ಹಳೇ ಕಾಲದ ನುಣುಪು ಇಷ್ಟ ಅಂದರೆ ಜೆಎಂ ಹುಡುಕಿ. ಅದಕ್ಕೆ ಬೇಕಾದಷ್ಟು ತಾಳ್ಮೆ ಇಲ್ಲದಿದ್ದರೆ 2023ರಲ್ಲಿ ರುಗರ್ ಮತ್ತೆ ತಂದ 336 ಕ್ಲಾಸಿಕ್ ಮಾದರಿ ಕೂಡ ವಾಲ್ನಟ್‌ನದೇ.