ಆಕಾಶದ ಗುರುತಿಲ್ಲದ ಬಿಳಿ ಚುಕ್ಕೆ: ಮೊಬೈಲ್ ಥರ್ಮಲ್ ಸಾಕೇ, ದೊಡ್ಡ ಮಾನಾಕ್ಯುಲರ್ ಬೇಕೇ?

ಆಕಾಶದಲ್ಲಿ ಕಂಡ ಗುರುತಿಲ್ಲದ ವಸ್ತು ಏನೆಂದು ಪತ್ತೆ ಹಚ್ಚಲು ಶಾಖವನ್ನೇ ಚಿತ್ರವಾಗಿಸುವ ಎರಡು ಥರ್ಮಲ್ ಉಪಕರಣಗಳಲ್ಲಿ ಯಾವುದು ಮೇಲು? ಮುಂಬೈಯ ಮಾಟುಂಗಾದ ತಾರಸಿಯಲ್ಲೂ ಪುಣೆಯ ಸಿಂಹಗಡದಲ್ಲೂ ಎರಡನ್ನೂ ಒಂದೇ ಟ್ರೈಪಾಡಿಗೆ ಕಟ್ಟಿ ನೋಡಿದ ಮೇಲಿನ ಹೋಲಿಕೆ ಇದು. ಒಂದು, ಮೊಬೈಲಿಗೆ ಸಿಕ್ಕಿಸುವ 256×192 ಪಿಕ್ಸೆಲ್‌ನ ಥರ್ಮಲ್ ಕ್ಯಾಮೆರಾ, 3.2 ಮಿ.ಮೀ. ಲೆನ್ಸ್. ಇನ್ನೊಂದು ಒಂದೇ ಕಣ್ಣಿಟ್ಟು ನೋಡುವ 640×512ರ ಥರ್ಮಲ್ ದುರ್ಬೀನು, ಅಂದರೆ ಮಾನಾಕ್ಯುಲರ್, 50 ಮಿ.ಮೀ. ಲೆನ್ಸ್, ಬೆಲೆ ಸುಮಾರು ಹತ್ತು ಪಟ್ಟು. ಎರಡರ ಪಿಕ್ಸೆಲ್ಲೂ 12 ಮೈಕ್ರಾನ್.

ಮೊದಲು ಲೆಕ್ಕ. ಪಿಕ್ಸೆಲ್ ಅಳತೆಯನ್ನು ಫೋಕಲ್ ಲೆಂತ್‌ನಿಂದ (ಮೇಲೆ ಹೇಳಿದ ಲೆನ್ಸಿನ ಮಿ.ಮೀ.) ಭಾಗಿಸಿ, ದೂರದಿಂದ ಗುಣಿಸಿ. 10 ಕಿ.ಮೀ. ದೂರದಲ್ಲಿ ಮೊಬೈಲ್ ಕ್ಯಾಮೆರಾದ ಒಂದು ಪಿಕ್ಸೆಲ್ 37.5 ಮೀಟರ್ ಆಗುತ್ತದೆ. ಏರ್‌ಬಸ್ ಎ320ರ ಉದ್ದವೇ 37.57 ಮೀಟರ್. ಇಡೀ ವಿಮಾನ ಒಂದು ಚುಕ್ಕೆ! ಆ್ಯಪ್ ಆ ಚುಕ್ಕೆಯನ್ನು ಹಿಗ್ಗಿಸಿ ನಯ ಮಾಡಿದಾಗ ಅದು ದುಂಡಗಿನ ತಟ್ಟೆಯಾಗುತ್ತದೆ; ಆ ಆಕಾರ ಸಾಫ್ಟ್‌ವೇರಿನದು. ಮಾನಾಕ್ಯುಲರಿನಲ್ಲಿ ಪಿಕ್ಸೆಲ್‌ಗೆ 2.4 ಮೀಟರ್. ಅದೇ ವಿಮಾನ ಅಡ್ಡ ಹಾದರೆ ಹದಿನೈದು ಪಿಕ್ಸೆಲ್ ಸಿಗುತ್ತದೆ, ಮೂಗು ಬಾಲ ಗೊತ್ತಾಗುತ್ತದೆ. ಇಲ್ಲಿ ದೊಡ್ಡದರ ಗೆಲುವು ಸ್ಪಷ್ಟ.

ವೇಗದ ವಿಷಯದಲ್ಲಿ ಮಾತ್ರ ದೊಡ್ಡದೇ ಹೆಚ್ಚು ದಾರಿ ತಪ್ಪಿಸುತ್ತದೆ. ಅದರ ನೋಟದ ಅಗಲ ಒಂಬತ್ತು ಡಿಗ್ರಿಗೂ ಕಡಿಮೆ. 10 ಕಿ.ಮೀ. ಆಚೆ ಸೆಕೆಂಡಿಗೆ 250 ಮೀಟರ್ ಹೋಗುವ ಜೆಟ್ ಫ್ರೇಮ್ ದಾಟಲು ಆರು ಸೆಕೆಂಡ್ ಬೇಕು. ನೂರು ಮೀಟರ್ ದೂರದಲ್ಲಿ ಸೆಕೆಂಡಿಗೆ 10 ಮೀಟರ್ ಹಾರುವ ಹಕ್ಕಿಗೆ ಒಂದೂವರೆ ಸೆಕೆಂಡ್ ಸಾಕು. ದೂರ ಗೊತ್ತಿಲ್ಲದಿದ್ದರೆ ಹಕ್ಕಿಯೇ ಜೆಟ್ಟಿನ ನಾಲ್ಕು ಪಟ್ಟು ವೇಗದ್ದು ಅನಿಸುತ್ತದೆ. ಕ್ಯಾಮೆರಾ ಇರುವ ಜಾಗವೇ ಚಲಿಸುತ್ತಿದ್ದರಂತೂ ಕೇಳುವುದೇ ಬೇಡ. ಅಮೆರಿಕದ ನೌಕಾಪಡೆಯ ಜೆಟ್ಟಿನಿಂದ 2015ರಲ್ಲಿ ತೆಗೆದ 'ಗೋಫಾಸ್ಟ್' ವಿಡಿಯೊದಲ್ಲಿ ಗುರುತಿಲ್ಲದ ವಸ್ತುವೊಂದು ಸಮುದ್ರಕ್ಕೆ ಅಂಟಿಕೊಂಡು ರೊಯ್ಯನೆ ಓಡಿದಂತಿದೆ. ಪರದೆಯ ಮೇಲಿದ್ದ ಅಂಕಿಗಳಿಂದಲೇ ಇಂಥ ವಸ್ತುಗಳ ಅಧ್ಯಯನಕ್ಕೆಂದೇ ನೇಮಿಸಿದ್ದ ನಾಸಾದ ಸಮಿತಿ 2023ರಲ್ಲಿ ಲೆಕ್ಕ ಹಾಕಿತು: ಎತ್ತರ ಸುಮಾರು 13,000 ಅಡಿ, ವೇಗ ಗಂಟೆಗೆ 40 ಮೈಲಿಯಷ್ಟು. ಓಟದ ಬಹುಪಾಲು ಮೇಲಿದ್ದ ಜೆಟ್ಟಿನದೇ.

ಎರಡಕ್ಕೂ ಸಮಾನವಾದ ಬೇರೆ ಕಾಯಿಲೆಗಳೂ ಇವೆ. ಸೆನ್ಸರ್ ಸಮಗೊಳಿಸಲು ಒಳಗಿನ ಶಟರ್ 'ಟಕ್' ಅಂದಾಗ ಚಿತ್ರ ಕ್ಷಣಕಾಲ ನಿಲ್ಲುತ್ತದೆ, ಬಿಟ್ಟಾಗ ವಸ್ತು ನೆಗೆದಂತೆ ಕಾಣುತ್ತದೆ. 'ದಿಢೀರ್ ಜಿಗಿಯಿತು' ಎನ್ನುವ ವಿಡಿಯೊ ಸಿಕ್ಕರೆ ಹಿಂದಿನ ಮೋಡವೂ ಅದೇ ಫ್ರೇಮಿನಲ್ಲಿ ಜಿಗಿಯಿತೇ ನೋಡಿ. ಬೆಚ್ಚಗಿನ ಮೋಡ ಒಳಬಂದರೆ ಹೊಳಪನ್ನು ತಾನೇ ಹೊಂದಿಸುವ ಆಟೋ ಗೇನ್ ವಸ್ತುವನ್ನು ಮಂಕಾಗಿಸುತ್ತದೆ. 'ಮಾಯವಾಯಿತು' ಎನ್ನಲು ಅಷ್ಟು ಸಾಕು. ಗೇನ್ ಲಾಕ್ ಮಾಡುವ ಸೌಲಭ್ಯವಿದ್ದರೆ ಮಾಡಿ, ಬಣ್ಣಬಣ್ಣದ ಪ್ಯಾಲೆಟ್ ಬಿಟ್ಟು, ಬಿಸಿಯದ್ದನ್ನು ಬಿಳಿಯಾಗಿ ತೋರಿಸುವ ವೈಟ್ ಹಾಟ್ ಇಡಿ. ಕಿಟಕಿಯ ಗಾಜಿನ ಹಿಂದಿನಿಂದ ತೆಗೆಯಲೇಬೇಡಿ, ಕಾಣುವುದು ನಿಮ್ಮದೇ ಪ್ರತಿಬಿಂಬ. 9 ಹರ್ಟ್ಸ್, ಅಂದರೆ ಸೆಕೆಂಡಿಗೆ ಒಂಬತ್ತೇ ಚಿತ್ರ ತೆಗೆಯುವ ಮಾದರಿ ಕೊಳ್ಳಬೇಡಿ: ಕಾಗೆ ಸೆಕೆಂಡಿಗೆ ನಾಲ್ಕೈದು ಸಲ ರೆಕ್ಕೆ ಬಡಿಯುತ್ತದೆ, ಆ ಬಡಿತ ಅದರಲ್ಲಿ ಕಳೆದುಹೋಗುತ್ತದೆ.

ಮುಂಬೈಯ ತೇವದ ಗಾಳಿಯಲ್ಲಿ ದಿಗಂತದ ಹತ್ತಿರ ಎರಡೂ ಸೋಲುತ್ತವೆ. ಸಿಂಹಗಡದ ಚಳಿಗಾಲದ ಒಣ ಆಕಾಶದಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಆದರೂ ಒಂಟಿ ಮಾನಾಕ್ಯುಲರಿಗಿಂತ ಮೊಬೈಲ್ ಥರ್ಮಲ್ ಜೊತೆಗೆ ಒಂದು ಸಾಧಾರಣ ಜೂಮ್ ಕ್ಯಾಮೆರಾ ಕಟ್ಟಿದ ಜೋಡಿಗೇ ನಮ್ಮ ಮತ. ಜೂಮಿನಲ್ಲಿ ಬೆಳಕಿದೆ, ಥರ್ಮಲ್‌ನಲ್ಲಿ ಶಾಖವಿಲ್ಲ ಅಂದರೆ ಶುಕ್ರ ಗ್ರಹವೋ ಉಪಗ್ರಹವೋ ಇರಬಹುದು. ಶಾಖವಿದೆ, ಬೆಳಕಿಲ್ಲ: ಬಹುಮಟ್ಟಿಗೆ ಹಕ್ಕಿ, ಬಾವಲಿ. ಅಲ್ಯೂಮಿನಿಯಂ ಪದರದ ಬಲೂನು ಹೊಟ್ಟೆಯಲ್ಲಿ ನೆಲದ ಶಾಖವನ್ನೂ ಅಂಚಿನಲ್ಲಿ ಆಕಾಶದ ತಂಪನ್ನೂ ಪ್ರತಿಫಲಿಸಿ, ತಿರುಗಿದಂತೆ ಹೊಳಪು ಬದಲಿಸುತ್ತದೆ. ಘಾಟ್‌ಕೋಪರ್‌ನಲ್ಲಿ ಪೂರ್ವಕ್ಕೆ ತಿರುಗಿ ನಿಂತರೆ ಮುಂಬೈ ವಿಮಾನ ನಿಲ್ದಾಣದ ರನ್‌ವೇ 27ಕ್ಕೆ ಇಳಿಯುವ ವಿಮಾನ ಎದುರಿಗೇ ಬರುವುದರಿಂದ ನಿಮಿಷಗಟ್ಟಲೆ ಅಲುಗದೆ ನಿಂತಂತೆ ಕಾಣುತ್ತದೆ. ಫ್ರೇಮಿನಲ್ಲಿ ಕಟ್ಟಡದ ಅಂಚೊಂದನ್ನು ಇಟ್ಟುಕೊಂಡು, ಸೆಕೆಂಡ್ ಸಹಿತ ಸಮಯ ಮತ್ತು ದಿಕ್ಕು ಬರೆದಿದ್ದರೆ ವಿಮಾನಗಳ ಆ್ಯಪ್‌ನಲ್ಲಿ ತಾಳೆ ನೋಡಬಹುದು. ಪುಣೆಯಲ್ಲಿ ಮಾತ್ರ ಆ್ಯಪ್ ನಂಬಿ ಕೂರಬೇಡಿ. ಲೋಹಗಾಂವ್‌ನಿಂದ ಏಳುವ ವಾಯುಪಡೆಯ ವಿಮಾನಗಳು ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ಆ ನೆಲೆಯತ್ತ ಕ್ಯಾಮೆರಾ ತಿರುಗಿಸುವ ಉಸಾಬರಿಯೂ ಬೇಡ.